ಕಾವೇರಿಯ ಗೂನುಬೆನ್ನಿನ ಮಹಶೀರ್: ಗುರುತು ಮತ್ತು ವಂಶವಾಹಿ ಸಂಶೋಧನೆಯ ಚರಿತ್ರೆ

ಕೊಡಗು ಜಿಲ್ಲೆಯ ಮಡಿಕೇರಿಯಿಂದ ವಿರಾಜಪೇಟೆಗೆ ಸಾಗುವ ಮಾರ್ಗದಲ್ಲಿ ಮೂರ್ನಾಡು ನೆಲೆಗೊಂಡಿದೆ. ಇಲ್ಲಿಂದ ವಿರಾಜಪೇಟೆಯ ಕಡೆಗೆ ಹೊರಟವರು ಬೇತ್ರಿಯ ಸೇತುವೆಯ ಮೇಲೆ ಕಾವೇರಿಯನ್ನು ದಾಟುತ್ತಾರೆ. ನದಿಯು ಬಲಕ್ಕೆ ತಿರುಗುವ ಬಲಮುರಿ ಕ್ಷೇತ್ರವೂ ಮೂರ್ನಾಡಿನ ಸಮೀಪದಲ್ಲಿಯೇ ಇದೆ. ತಲಕಾವೇರಿಯಲ್ಲಿ ಉಗಮಿಸಿ, ಭಾಗಮಂಡಲದಲ್ಲಿ ಕನ್ನಿಕೆಯನ್ನು ಕೂಡಿಕೊಂಡ ಹೊಳೆಯು ನಾಪೋಕ್ಲು, ಬಲಮುರಿ, ಬೇತ್ರಿಗಳನ್ನು ಹಾದು ಸಿದ್ದಾಪುರ, ದುಬಾರೆ, ಕುಶಾಲನಗರಗಳ ಮೂಲಕ ಮೈಸೂರು ಸೀಮೆಯನ್ನು ಪ್ರವೇಶಿಸುತ್ತದೆ. ಈ ನದಿಯ ಆಳವಾದ ಮಡುಗಳಲ್ಲಿ ವಾಸಿಸುವ, ಜನರು ಬಿಳಿಮೀನು ಎಂದು ಕರೆಯುವ ದೊಡ್ಡ ಹುರುಪೆಯ ಮೀನು ಮಹಶೀರ್ ಎಂಬ ಹೆಸರಿನಿಂದ ಜಗತ್ತಿನಾದ್ಯಂತ ಪ್ರಸಿದ್ಧವಾಗಿದೆ.

ಮಹಶೀರ್ ಎಂಬುದು ಒಂದೇ ಮೀನಿನ ಹೆಸರಲ್ಲ. ಅದು ಹಲವು ಪ್ರಭೇದಗಳನ್ನು ಒಳಗೊಂಡ ಒಂದು ಗುಂಪಿನ ಹೆಸರು. ಅವುಗಳಲ್ಲಿ ಕಾವೇರಿ ಜಲಾನಯನಕ್ಕೆ ಮಾತ್ರ ಸೀಮಿತವಾದ, ತಲೆಯ ಹಿಂಬದಿಯಲ್ಲಿ ಎದ್ದುಕಾಣುವ ಗೂನು ಹಾಗೂ ಕಿತ್ತಳೆ ಛಾಯೆಯ ಈಜುರೆಕ್ಕೆಗಳನ್ನುಳ್ಳ ಮಹಶೀರ್ ಎಲ್ಲಕ್ಕಿಂತ ದೊಡ್ಡದು. ಒಂದೂವರೆ ಮೀಟರ್ ಉದ್ದ ಹಾಗೂ 45 ಕಿಲೋಗ್ರಾಂ ತೂಕವನ್ನು ಮೀರಿ ಬೆಳೆಯಬಲ್ಲ, ಗಾಳಗಾರರಿಗೆ ನೂರೈವತ್ತು ವರ್ಷಗಳಿಂದ ಪರಿಚಿತವಾದ ಈ ಮೀನಿಗೆ 2018ರವರೆಗೂ ನಿಶ್ಚಿತವಾದ ವೈಜ್ಞಾನಿಕ ಹೆಸರು ಇರಲಿಲ್ಲ. ಹೆಸರು ನಿಶ್ಚಯವಾದ ವರ್ಷದಲ್ಲಿಯೇ ಅದು ತೀವ್ರ ಅಪಾಯಕ್ಕೆ ಸಿಲುಕಿದ ಜೀವಿಗಳ ಪಟ್ಟಿಗೆ ಸೇರಿತು. ಈ ಎರಡು ಸಂಗತಿಗಳಿಗೂ ಇರುವ ಸಂಬಂಧವನ್ನು ಚಾರಿತ್ರಿಕ ಆಕರಗಳ ಹಾಗೂ ಮೀನುಗಳ ತಳಿವಿಜ್ಞಾನದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಜಲವಿಭಾಜಕವಾಗಿ ಕೊಡಗು

ಕೊಡಗಿನ ಭೂರಚನೆಯನ್ನು ಗಮನಿಸದೆ ಇಲ್ಲಿನ ಮೀನುಗಳ ಚರಿತ್ರೆ ಅರ್ಥವಾಗುವುದಿಲ್ಲ. ಪಶ್ಚಿಮಘಟ್ಟದ ನೆತ್ತಿಯು ಈ ನಾಡಿನ ಮಳೆಯನ್ನು ಎರಡು ಕಡಲುಗಳಿಗೆ ಹಂಚುತ್ತದೆ. ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥಗಳು ಪೂರ್ವಕ್ಕೆ ಹರಿದು ಕೊನೆಗೆ ಬಂಗಾಳ ಕೊಲ್ಲಿಯನ್ನು ಸೇರುತ್ತವೆ. ಬಾರಪೊಳೆಯು ಕೇರಳದ ವಳಪಟ್ಟಣಂ ಹೊಳೆಯಾಗಿಯೂ, ಪಯಸ್ವಿನಿಯು ಕಾಸರಗೋಡಿನ ಚಂದ್ರಗಿರಿಯಾಗಿಯೂ ಅರಬ್ಬಿ ಸಮುದ್ರಕ್ಕೆ ಇಳಿಯುತ್ತವೆ. ಪುಷ್ಪಗಿರಿಯ ಕಡೆಯ ಕುಮಾರಧಾರೆಯು ನೇತ್ರಾವತಿಯನ್ನು ಕೂಡಿ ಅದೇ ಕಡಲನ್ನು ತಲುಪುತ್ತದೆ. ಎರಡು ಹೊಳೆಗಳ ಮೂಲಗಳ ನಡುವೆ ಕೆಲವೇ ಮೈಲಿಗಳ ಅಂತರವಿದ್ದರೂ ಒಂದರ ಮೀನು ಇನ್ನೊಂದನ್ನು ಸೇರಲಾರದು. ಸಿಹಿನೀರಿನ ಮೀನಿಗೆ ಬೆಟ್ಟದ ನೆತ್ತಿಯೂ ಗೋಡೆ, ಉಪ್ಪುನೀರಿನ ಕಡಲೂ ಗೋಡೆ. ಆದುದರಿಂದ ಬೇರೆ ಬೇರೆ ಜಲಾನಯನಗಳಲ್ಲಿ ಸಿಲುಕಿದ ಮೀನಿನ ಸಮುದಾಯಗಳು ದೀರ್ಘಕಾಲದಲ್ಲಿ ತಂತಮ್ಮ ಹಾದಿಯಲ್ಲಿ ಬದಲಾಗುತ್ತ, ಪ್ರತ್ಯೇಕ ಪ್ರಭೇದಗಳಾಗುವ ಸಾಧ್ಯತೆ ಇರುತ್ತದೆ. ಮಹಶೀರ್‌ಗಳ ವಿಷಯದಲ್ಲಿ ನಡೆದಿರುವುದು ಇದೇ ಎಂಬುದು ತೀರ ಇತ್ತೀಚೆಗೆ ಸ್ಪಷ್ಟವಾಗಿದೆ.

ಹತ್ತೊಂಬತ್ತನೆಯ ಶತಮಾನದ ನಾಮಕರಣಗಳು

ಕನ್ನಡ ನಾಡಿನಲ್ಲಿ ಮೀನುಗಳನ್ನು ವಿಂಗಡಿಸಿ ನೋಡುವ ಪರಂಪರೆ ಹಳೆಯದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣದಲ್ಲಿ ಕಡಲಿನ ಮೀನು, ಹೊಳೆಯ ಮೀನು ಎಂಬ ವಿಭಾಗವನ್ನು ಕಾಣಬಹುದಾಗಿದೆ. ಆದರೆ ಆಧುನಿಕ ಪದ್ಧತಿಯ ನಾಮಕರಣವು ಕಂಪನಿ ಸರ್ಕಾರದ ಅಧಿಕಾರಿಗಳಿಂದ ಆರಂಭವಾಯಿತು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಪ್ರಾಂತ್ಯಗಳಲ್ಲಿ ಸಂಚರಿಸಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಕರ್ನಾಟಕದ ಇತಿಹಾಸಕಾರರಿಗೆ ಚಿರಪರಿಚಿತನು. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದ ಇದೇ ಬುಕಾನನ್ 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥದಲ್ಲಿ ಉತ್ತರ ಭಾರತದ ಮಹಶೀರ್‌ಗಳಿಗೆ ಹೆಸರಿಟ್ಟನು. ‘ಟಾರ್’ ಎಂಬ ಕುಲನಾಮಕ್ಕೆ ಅಲ್ಲಿನ ಒಂದು ಮೀನಿನ ಹೆಸರೇ ಆಧಾರ.

ದಖ್ಖನ್ನಿನ ಮೀನುಗಳನ್ನು ಅಭ್ಯಸಿಸಿದ ಡಬ್ಲ್ಯು. ಎಚ್. ಸೈಕ್ಸ್ 1839ರಲ್ಲಿ ಪುಣೆಯ ಸುತ್ತಲಿನ ನದಿಗಳ ಎರಡು ಮೀನುಗಳನ್ನು ‘ಖುಡ್ರೀ’ ಮತ್ತು ‘ಮುಸುಲ್ಲಾ’ ಎಂದು ಕರೆದನು. ಅವೆರಡೂ ಭೀಮೆಯ ಮೂಲಕ ಕೃಷ್ಣೆಯನ್ನು ಸೇರುವ ನದಿಗಳ ಮೀನುಗಳು ಎಂಬ ಅಂಶ ಮುಂದಿನ ಚರ್ಚೆಗೆ ಅತ್ಯಂತ ಮಹತ್ವದ್ದು. ಟಿ. ಸಿ. ಜೆರ್ಡನ್ 1849ರಲ್ಲಿ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳನ್ನು ವಿವರಿಸುತ್ತ ಮಲಬಾರಿನ ಬೆಟ್ಟದ ತೊರೆಗಳ ಮಹಶೀರ್‌ಗೆ ‘ಮಲಬಾರಿಕಸ್’ ಎಂಬ ಹೆಸರನ್ನು ಕೊಟ್ಟನು. ಹೀಗೆ ಗಂಗೆಗೆ, ಕೃಷ್ಣೆಗೆ, ಪಶ್ಚಿಮವಾಹಿನಿಗಳಿಗೆ ತಂತಮ್ಮ ಮಹಶೀರ್ ಹೆಸರುಗಳು ಲಭಿಸಿದವು. ಕಾವೇರಿಯ ಗೂನುಬೆನ್ನಿನ ಮೀನು ಮಾತ್ರ ಹೆಸರಿಲ್ಲದೆ ಉಳಿಯಿತು. ಫ್ರಾನ್ಸಿಸ್ ಡೇ 1875–78ರ ತನ್ನ ಬೃಹತ್ ಗ್ರಂಥದಲ್ಲಿ ಹಲವು ಮಹಶೀರ್‌ಗಳನ್ನು ಒಂದೇ ಹೆಸರಿನಡಿ ಸೇರಿಸಿದ್ದರಿಂದ ಪ್ರತ್ಯೇಕತೆಯ ಪ್ರಶ್ನೆಯೇ ಹಿಂದೆ ಸರಿಯಿತು.

ಗಾಳಗಾರರ ದಾಖಲೆಗಳು

ವಿದ್ವಾಂಸರು ಗಮನಿಸದ ಈ ಮೀನನ್ನು ಗಾಳಗಾರರು ಗಮನಿಸಿದರು. ದಕ್ಷಿಣ ಕೆನರಾದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1870ರಲ್ಲಿ ಆ ಜಿಲ್ಲೆಯ ಮೀನುಸಾಕಣೆಯನ್ನು ಕುರಿತು ವರದಿಯನ್ನು ಪ್ರಕಟಿಸಿದನು. 1873ರಲ್ಲಿ ಮಂಗಳೂರಿನಲ್ಲಿ ಮುದ್ರಿತವಾದ ಅವನ ‘ದಿ ರಾಡ್ ಇನ್ ಇಂಡಿಯಾ’ ಗ್ರಂಥವು ಮಹಶೀರ್ ಬೇಟೆಯನ್ನು ಆಂಗ್ಲ ಓದುಗರಿಗೆ ಪರಿಚಯಿಸಿತು. ಅದಕ್ಕೆ ಮೂರು ವರ್ಷ ಮೊದಲು, 1870ರಲ್ಲಿ, ರೆವರೆಂಡ್ ಜಿ. ರಿಕ್ಟರ್ ಅವರ ಕೊಡಗಿನ ಕೈಪಿಡಿಯೂ ಮಂಗಳೂರಿನಲ್ಲಿಯೇ ಅಚ್ಚಾಗಿತ್ತು. ವಿಷ ಬೆರೆಸಿ, ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು ನಿಷೇಧಿಸಿದ 1897ರ ಭಾರತೀಯ ಮೀನುಗಾರಿಕೆ ಕಾಯಿದೆಗೆ ಹಿನ್ನೆಲೆಯಾದ ಚರ್ಚೆಯಲ್ಲಿ ಥಾಮಸ್ ಮತ್ತು ಡೇ ಇಬ್ಬರ ವರದಿಗಳಿಗೂ ಸ್ಥಾನವಿದೆ.

1946ರಲ್ಲಿ ಮೈಸೂರಿನ ಜೆ. ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್, ಎಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರ್ ಅನ್ನು ಹಿಡಿದರು. ವನ್ಯಪ್ರಾಣಿಗಳ ಚರ್ಮಕ್ಕೆ ಜೀವಂತ ರೂಪ ಕೊಡುವ ಕಲೆಗೆ ಹೆಸರಾದ ಮನೆತನ ಅವರದು. ಇದೇ ಕಾಲದಲ್ಲಿ ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ಪ್ರಖ್ಯಾತ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೊರಾ ಅವರು ಭಾರತದ ಬೇಟೆಮೀನುಗಳನ್ನು ಕುರಿತು ಲೇಖನಮಾಲೆಯನ್ನು ಬರೆಯುತ್ತಿದ್ದರು. ಮೈಸೂರು ಪ್ರಾಂತ್ಯದ ಗೂನುಬೆನ್ನಿನ ಮಹಶೀರ್‌ಗೆ ಅವರು ಸೈಕ್ಸ್‌ನ ‘ಮುಸುಲ್ಲಾ’ ಎಂಬ ಹಳೆಯ ಹೆಸರನ್ನು ಹೊಂದಿಸಿದರು. ಹೊರಾ ಅವರ ವಿದ್ವತ್ತಿನ ಮೇಲಿನ ಗೌರವದಿಂದ ಈ ಹೆಸರು ಹಲವು ದಶಕಗಳ ಕಾಲ ಗ್ರಂಥಗಳಲ್ಲಿ ಉಳಿದುಕೊಂಡಿತು. 2013ರಲ್ಲಿ ಸೈಕ್ಸ್‌ನ ಮೂಲ ವರ್ಣನೆಯನ್ನು ಮರುಪರಿಶೀಲಿಸಿದ ಸಂಶೋಧಕರು ‘ಮುಸುಲ್ಲಾ’ ಎಂಬುದು ಮಹಶೀರ್ ಅಲ್ಲ, ‘ಹಿಪ್ಸೆಲೊಬಾರ್ಬಸ್’ ಎಂಬ ಬೇರೊಂದು ಕುಲದ ಮೀನು ಎಂದು ತೋರಿಸಿದರು. ಅದರೊಂದಿಗೆ ಕಾವೇರಿಯ ಮೀನು ಮತ್ತೆ ಅನಾಮಿಕವಾಯಿತು.

ಮೀನುಮರಿ ಬಿತ್ತನೆ: ಸದುದ್ದೇಶದ ಪರಿಣಾಮ

ಹೆಸರಿನ ಗೊಂದಲವು ಕೇವಲ ಪಂಡಿತರ ವಾದವಾಗಿ ಉಳಿಯಲಿಲ್ಲ. 1930ರ ದಶಕದ ಆರಂಭದ ಹೊತ್ತಿಗೆ ಕೃಷ್ಣರಾಜಸಾಗರ ಅಣೆಕಟ್ಟು ಪೂರ್ಣಗೊಂಡಿತು. 1934ರಲ್ಲಿ ಮೆಟ್ಟೂರು, ಮುಂದೆ ಕಬಿನಿ, ಹಾರಂಗಿ ಅಣೆಕಟ್ಟುಗಳು ನಿರ್ಮಾಣವಾದವು. ಮಳೆಗಾಲದ ಹೊಸನೀರಿನಲ್ಲಿ ಮೇಲ್ಮುಖವಾಗಿ ಚಲಿಸಿ, ಆಮ್ಲಜನಕ ಸಮೃದ್ಧವಾಗಿರುವ ಜಲ್ಲಿಗಲ್ಲಿನ ಹರಿವುಗಳಲ್ಲಿ ಮೊಟ್ಟೆಯಿಡುವುದು ಮಹಶೀರ್‌ನ ಸ್ವಭಾವ. ಇತರ ಗೆಂಡೆಮೀನುಗಳಿಗೆ ಹೋಲಿಸಿದರೆ ಅದರ ಮೊಟ್ಟೆಗಳು ದೊಡ್ಡವು, ಸಂಖ್ಯೆ ಕಡಿಮೆ. ಬೆಳವಣಿಗೆ ನಿಧಾನ, ಪ್ರೌಢಾವಸ್ಥೆ ತಡ. ಇಂತಹ ಮೀನಿಗೆ ಅಣೆಕಟ್ಟು, ಮರಳು ತೆಗೆಯುವಿಕೆ, ಸಿಡಿಮದ್ದಿನ ಮೀನುಗಾರಿಕೆಗಳು ಒಟ್ಟಾಗಿ ಮಾಡುವ ಹಾನಿಯನ್ನು ತುಂಬಿಕೊಳ್ಳುವ ಶಕ್ತಿ ಅಲ್ಪ.

ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಆತಂಕ 1970ರ ದಶಕದಲ್ಲಿ ವ್ಯಾಪಕವಾಗಿತ್ತು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಗಳ ಆಶ್ರಯದಲ್ಲಿ ಸಿ. ವಿ. ಕುಲಕರ್ಣಿ ಮತ್ತು ಎಸ್. ಎನ್. ಓಗಲೆ ಅವರು ‘ಟಾರ್ ಖುಡ್ರೀ’ ಎಂಬ ನೀಲಿರೆಕ್ಕೆಯ ಮಹಶೀರ್‌ನ ಕೃತಕ ಸಂತಾನೋತ್ಪತ್ತಿಯನ್ನು ಯಶಸ್ವಿಯಾಗಿ ಸಾಧಿಸಿದರು. ಅಲ್ಲಿಂದ ದೇಶದ ಹಲವು ನದಿಗಳಿಗೆ ಮೀನುಮರಿಗಳು ರವಾನೆಯಾದವು, ಕಾವೇರಿಗೂ ಬಂದವು. ಬೆಂಗಳೂರಿನಲ್ಲಿ 1972ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತದ ವನ್ಯಜೀವಿ ಸಂಘವು ನದಿಯ ಭಾಗಗಳನ್ನು ಕಾವಲಿಗೆ ಪಡೆದು ಮೀನುಮರಿಗಳನ್ನು ಬಿತ್ತಿತು. ಕೊಡಗಿನಲ್ಲಿ ಕೂರ್ಗ್ ವನ್ಯಜೀವಿ ಸಂಘವು ವಾಲ್ನೂರಿನ ಸುತ್ತಲಿನ ಕಾವೇರಿಯನ್ನು ರಕ್ಷಿಸುವ ಹೊಣೆ ಹೊತ್ತಿತು. ಹಾರಂಗಿಯಲ್ಲಿ ರಾಜ್ಯ ಮೀನುಗಾರಿಕೆ ಇಲಾಖೆಯ ಮಹಶೀರ್ ಮರಿ ಉತ್ಪಾದನಾ ಕೇಂದ್ರ ರೂಪುಗೊಂಡಿತು. ಇವರ ಕಾವಲು ಇಲ್ಲದಿದ್ದರೆ ನದಿಯ ಸ್ಥಿತಿ ಇನ್ನೂ ಹದಗೆಡುತ್ತಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಖುಡ್ರೀ ಮೀನು ಕೃಷ್ಣಾ ಜಲಾನಯನದ್ದು. ಮಹಶೀರ್ ಎಲ್ಲವೂ ಒಂದೇ ಎಂಬ ತಿಳುವಳಿಕೆ ಇದ್ದ ಕಾಲದಲ್ಲಿ, ಒಂದು ನದಿಯ ಮರಿಯನ್ನು ಇನ್ನೊಂದು ನದಿಗೆ ಬಿಡುವುದು ಕೊರತೆಯನ್ನು ತುಂಬುವ ಕ್ರಮವಾಗಿಯೇ ಕಂಡಿತು. ಕಾವೇರಿಗೆ ತನ್ನದೇ ಆದ ಮೀನು ಇದೆ ಎಂದು ಹೇಳಲು ಆಗ ಹೆಸರೂ ಇರಲಿಲ್ಲ, ಪ್ರಮಾಣವೂ ಇರಲಿಲ್ಲ.

ಕಡಲ ಮೀನುಗಳ ತಳಿವಿಜ್ಞಾನದಿಂದ ಬಂದ ಪ್ರಮಾಣ

ಆ ಪ್ರಮಾಣವನ್ನು ಒದಗಿಸಿದ ವಿಧಾನವು ಮೊದಲು ರೂಪುಗೊಂಡದ್ದು ಹೊಳೆಗಳಲ್ಲಿ ಅಲ್ಲ, ಕಡಲಿನಲ್ಲಿ. ಒಂದು ಸಮುದ್ರದ ಮೀನುಗಳೆಲ್ಲ ಒಂದೇ ಸಮುದಾಯವೇ ಅಥವಾ ಒಳಗೊಳಗೆ ಬೇರೆ ಬೇರೆ ಬಳಗಗಳಿವೆಯೇ ಎಂಬುದು ಯೂರೋಪಿನ ಮೀನುಗಾರಿಕೆಯ ಹಳೆಯ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಫ್ರೀಡ್ರಿಕ್ ಹೈಂಕೆ ಹೆರ್ರಿಂಗ್ ಮೀನಿನ ಅಂಗಾಂಗಗಳನ್ನು ಅಳೆದು ಬಳಗಗಳನ್ನು ಗುರುತಿಸಲು ಯತ್ನಿಸಿದನು. 1960ರ ದಶಕದ ಆರಂಭದಲ್ಲಿ ಡೆನ್ಮಾರ್ಕಿನ ಕ್ನುಡ್ ಸಿಕ್ ಕಾಡ್ ಮೀನಿನ ರಕ್ತದ ಹಿಮೊಗ್ಲೋಬಿನ್ನಿನಲ್ಲಿರುವ ಆನುವಂಶಿಕ ಭೇದಗಳನ್ನು ಇದೇ ಉದ್ದೇಶಕ್ಕೆ ಬಳಸಿದನು. ಅಳತೆಯು ಆಹಾರ, ವಯಸ್ಸು, ನೀರಿನ ಉಷ್ಣತೆಗಳಿಗೆ ತಕ್ಕಂತೆ ಬದಲಾಗಬಹುದು. ವಂಶವಾಹಿಯ ಸಾಕ್ಷ್ಯಕ್ಕೆ ಆ ದೋಷವಿಲ್ಲ. ಪ್ರೋಟೀನುಗಳಿಂದ ಆರಂಭವಾದ ಈ ಪರೀಕ್ಷೆ ಮುಂದೆ ನೇರವಾಗಿ ಡಿ.ಎನ್.ಎ. ಓದುವವರೆಗೆ ಬೆಳೆಯಿತು.

ಕರ್ನಾಟಕದ ಕರಾವಳಿಯಲ್ಲಿ ಈ ಪ್ರಶ್ನೆಯನ್ನು ಎತ್ತಿದ ಮುಖ್ಯ ಮೀನು ಬೂತಾಯಿ. ಅದರ ಇಳುವರಿಯ ಏರಿಳಿತ ಪ್ರಸಿದ್ಧವಾದುದು: ಭಾರತದಲ್ಲಿ 1956ರಲ್ಲಿ ಸುಮಾರು 7 ಸಾವಿರ ಟನ್ನುಗಳಷ್ಟಿದ್ದ ಇಳುವರಿ 1968ರಲ್ಲಿ ಸುಮಾರು 3 ಲಕ್ಷ ಟನ್ನುಗಳಿಗೆ ಏರಿತ್ತು. 1947ರಲ್ಲಿ ಸ್ಥಾಪಿತವಾದ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಮಂಗಳೂರು, ಕಾರವಾರಗಳ ತನ್ನ ಕೇಂದ್ರಗಳಲ್ಲಿಯೂ ಬೂತಾಯಿ, ಬಂಗುಡೆಗಳ ಜೀವನಕ್ರಮವನ್ನು ಅಭ್ಯಸಿಸಿತು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಂ. ಆರ್. ಮೆನೆಜಿಸ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಶ್ಚಿಮ ಕರಾವಳಿಯ ಬೂತಾಯಿಯಲ್ಲಿ ತಳಿಭೇದ ತೀರ ಅಲ್ಪ ಎಂದು ತಿಳಿದುಬಂದಿತು. ಬೂತಾಯಿಯ ಮೊಟ್ಟೆ ಮರಿಗಳು ನೀರಿನಲ್ಲಿ ತೇಲುತ್ತ ಪ್ರವಾಹದೊಡನೆ ಸಾಗುತ್ತವೆ, ಹಿಂಡುಗಳು ದೂರ ಸಂಚರಿಸುತ್ತವೆ. ಆದುದರಿಂದ ಬೆರಕೆ ನಿರಂತರವಾಗಿ ನಡೆಯುತ್ತದೆ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು 2023ರಲ್ಲಿ ಬೂತಾಯಿಯ ಸಂಪೂರ್ಣ ವಂಶವಾಹಿ ಸಂಚಯವನ್ನೇ ಓದಿ ಪ್ರಕಟಿಸಿದೆ.

ಕಡಲಿನ ಈ ಪಾಠವನ್ನು ಹೊಳೆಗೆ ಅನ್ವಯಿಸಿದಾಗ ಉತ್ತರ ತಿರುವುಮುರುವಾಗುತ್ತದೆ. ನೂರಾರು ಮೈಲಿ ದೂರದ ಬೂತಾಯಿಗಳು ಒಂದೇ ಬಳಗದವಾಗಿರಬಹುದು. ಒಂದೇ ಬೆಟ್ಟದ ಎರಡು ಮಗ್ಗುಲಿನ ಮಹಶೀರ್‌ಗಳು ಬೇರೆ ಪ್ರಭೇದಗಳೇ ಆಗಿರಬಹುದು. ಇದನ್ನು ಆರಂಭದಲ್ಲಿ ತೋರಿಸಿದವರಲ್ಲಿ ಕಡಲ ಮೀನುಗಳ ಅಧ್ಯಯನದಿಂದ ಬಂದವರೇ ಇದ್ದರು ಎಂಬುದು ಗಮನಾರ್ಹ. ಹಿಂದೆ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಇ. ಜಿ. ಸೈಲಾಸ್ ಅವರು ಎ. ಗೋಪಾಲಕೃಷ್ಣನ್ ಮೊದಲಾದವರೊಡನೆ 2005ರಲ್ಲಿ ಪ್ರಕಟಿಸಿದ ಡಿ.ಎನ್.ಎ. ಆಧಾರಿತ ಲೇಖನವು ಜೆರ್ಡನ್ನನ ಮಲಬಾರ್ ಮಹಶೀರ್ ಖುಡ್ರೀಯಿಂದ ಪ್ರತ್ಯೇಕವಾದುದು ಎಂದು ಪ್ರತಿಪಾದಿಸಿತು. ಘಟ್ಟದ ಪಶ್ಚಿಮದ ಪ್ರಶ್ನೆಗೆ ಹೀಗೆ ಉತ್ತರ ದೊರೆಯಿತು. ಪೂರ್ವದ ಕಾವೇರಿಯ ಪ್ರಶ್ನೆ ಉಳಿದಿತ್ತು.

2018ರ ನಿರ್ಣಯ

ಕಾವೇರಿಯ ಉಪನದಿಯಾದ ಅಮರಾವತಿಗೆ ನೀರುಣಿಸುವ ಪಾಂಬಾರ್ ಎಂಬ ಹೊಳೆ ಕೇರಳದಲ್ಲಿದೆ. ಅಲ್ಲಿ ದೊರೆತ ಸಣ್ಣ ಗಾತ್ರದ ಮಹಶೀರ್‌ಗಳನ್ನು ಕುರುಪ್ ಮತ್ತು ರಾಧಾಕೃಷ್ಣನ್ ಅವರು 2011ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ, ಪ್ರಾಣಿಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ಮತ್ಸ್ಯವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಾರ್ಥ ‘ಟಾರ್ ರೆಮಾದೇವಿ’ ಎಂದು ಹೆಸರಿಸಿದ್ದರು. ಆ ಚಿಕ್ಕ ಮೀನುಗಳಿಗೂ ಮೈಸೂರು ಸೀಮೆಯ ದೈತ್ಯ ಮೀನಿಗೂ ಸಂಬಂಧ ಕಲ್ಪಿಸುವ ಯೋಚನೆ ಆಗ ಬಂದಿರಲಿಲ್ಲ. ಎ. ಸಿ. ಪಿಂಡರ್, ರಾಜೀವ್ ರಾಘವನ್, ನೀಲೇಶ್ ಡಹಾಣೂಕರ್ ಮೊದಲಾದವರ ತಂಡವು ತಮಿಳುನಾಡಿನ ಮೋಯಾರ್ ನದಿಯಲ್ಲಿ ಉಳಿದಿದ್ದ ಗೂನುಬೆನ್ನಿನ ಮೀನುಗಳನ್ನು ಪರೀಕ್ಷಿಸಿ, ದೇಹರಚನೆ ಮತ್ತು ಡಿ.ಎನ್.ಎ. ಎರಡರ ಆಧಾರದಿಂದಲೂ ಅವು ‘ಟಾರ್ ರೆಮಾದೇವಿ’ಯೇ ಎಂದು 2018ರಲ್ಲಿ ನಿರ್ಣಯಿಸಿತು. ಅದೇ ವರ್ಷದ ನವೆಂಬರಿನಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಈ ಮೀನನ್ನು ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಸೇರಿಸಲಾಯಿತು.

ಈ ಅವನತಿಯನ್ನು ತೋರಿಸಿಕೊಟ್ಟ ಆಕರವು ಇತಿಹಾಸಕಾರರಿಗೆ ವಿಶೇಷ ಆಸಕ್ತಿಯದು. ಕಾವೇರಿಯ ಗಾಲಿಬೋರೆ ಶಿಬಿರದಲ್ಲಿ ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡುವ ಪದ್ಧತಿಯಿತ್ತು. 1998ರಿಂದ 2012ರವರೆಗಿನ ಅಲ್ಲಿನ ದಾಖಲೆ ಪುಸ್ತಕಗಳಲ್ಲಿ 23,620 ಗಂಟೆಗಳ ಗಾಳಗಾರಿಕೆಯೂ, 1ರಿಂದ 46 ಕಿಲೋಗ್ರಾಂ ತೂಕದ 6,161 ಮಹಶೀರ್‌ಗಳೂ ದಾಖಲಾಗಿವೆ. ಒಟ್ಟು ಸಂಖ್ಯೆಯನ್ನು ಮಾತ್ರ ನೋಡಿದರೆ ಮೀನು ಹೆಚ್ಚುತ್ತಿರುವಂತೆ ಕಾಣುತ್ತದೆ. ಬಣ್ಣ, ಆಕಾರಗಳ ಟಿಪ್ಪಣಿಯ ಆಧಾರದಿಂದ ಬೇರ್ಪಡಿಸಿದಾಗ ಹೆಚ್ಚಿದ್ದು ಬಿತ್ತನೆಯಿಂದ ಬಂದ ನೀಲಿರೆಕ್ಕೆಯ ಮೀನು ಎಂಬುದು ತಿಳಿಯುತ್ತದೆ. ಗೂನುಬೆನ್ನಿನ ಮೀನು ವರ್ಷವರ್ಷಕ್ಕೂ ವಿರಳವಾಗುತ್ತ, ಸಿಕ್ಕವು ದೊಡ್ಡ ಗಾತ್ರದವೇ ಆಗುತ್ತ ಬಂದವು. ಮುದಿಮೀನುಗಳಿದ್ದು ಮರಿಗಳಿಲ್ಲದ ಬಳಗದ ಚಿತ್ರ ಅದು. ಮನರಂಜನೆಗಾಗಿ ಬರೆದಿಟ್ಟ ಪುಸ್ತಕವೊಂದು ಒಂದು ಪ್ರಭೇದದ ಕ್ಷಯದ ದಾಖಲೆಯಾಗಿ ಪರಿಣಮಿಸಿತು.

ಇನ್ನೂ ಒಂದು ಜಟಿಲತೆ ಇದೆ. ಗೆಂಡೆ ಬಳಗದ ಹಲವು ಮೀನುಗಳಲ್ಲಿ 50 ವರ್ಣತಂತುಗಳಿದ್ದರೆ ಮಹಶೀರ್‌ಗಳಲ್ಲಿ 100 ಇರುತ್ತವೆ. ಪ್ರಾಚೀನ ಕಾಲದಲ್ಲಿ ಅವುಗಳ ವಂಶವಾಹಿ ಸಂಚಯ ಇಮ್ಮಡಿಗೊಂಡಿರುವುದರ ಕುರುಹು ಇದು. ಆದುದರಿಂದ ಕೋಶಕೇಂದ್ರದ ಡಿ.ಎನ್.ಎ.ಯನ್ನು ಓದಿ ಅರ್ಥೈಸುವುದು ಕಷ್ಟ. ಸುಲಭವಾಗಿ ಓದಬಹುದಾದ ಮೈಟೋಕಾಂಡ್ರಿಯದ ಡಿ.ಎನ್.ಎ. ತಾಯಿಯಿಂದ ಮಾತ್ರ ಬರುತ್ತದೆ. ರೆಮಾದೇವಿ ತಾಯಿಗೂ ಖುಡ್ರೀ ತಂದೆಗೂ ಹುಟ್ಟಿದ ಬೆರಕೆ ಮರಿ ಇದ್ದರೆ ಅದು ಈ ಪರೀಕ್ಷೆಯಲ್ಲಿ ಶುದ್ಧ ರೆಮಾದೇವಿಯಂತೆಯೇ ಕಾಣುತ್ತದೆ. ಸಂರಕ್ಷಣೆಗಾಗಿ ತಾಯಿಮೀನುಗಳನ್ನು ಆರಿಸುವಾಗ ಎರಡು ಬಗೆಯ ಪರೀಕ್ಷೆಯೂ ಅಗತ್ಯವೆನಿಸುವುದು ಈ ಕಾರಣದಿಂದ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ವಿದಿತವಾಗುತ್ತವೆ. ಮೊದಲನೆಯದಾಗಿ, ಪ್ರಭೇದದ ಹೆಸರು ಪಾಂಡಿತ್ಯದ ಅಲಂಕಾರವಲ್ಲ. ಹೆಸರಿಲ್ಲದ ಜೀವಿಯು ಕಾನೂನಿನ ಪಟ್ಟಿಗೂ ಸೇರದು, ಸಂರಕ್ಷಣೆಯ ಯೋಜನೆಗೂ ಸೇರದು. ಅದರ ಸ್ಥಾನದಲ್ಲಿ ಹೋಲಿಕೆಯ ಇನ್ನೊಂದನ್ನು ತಂದು ಬಿಟ್ಟರೂ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಕಾವೇರಿಯಲ್ಲಿ ಮಹಶೀರ್ ಉಳಿಸುವ ಪ್ರಯತ್ನ ಯಶಸ್ವಿಯಾದಂತೆ ತೋರಿದ ವರ್ಷಗಳಲ್ಲಿಯೇ ಕಾವೇರಿಯ ಮಹಶೀರ್ ಕ್ಷೀಣಿಸಿತು. ಎರಡನೆಯದಾಗಿ, ಮೀನುಮರಿ ಬಿತ್ತನೆಯ ಘಟಕವು ಜಿಲ್ಲೆಯೂ ಅಲ್ಲ, ರಾಜ್ಯವೂ ಅಲ್ಲ, ಜಲಾನಯನ. ಎರಡೂ ಕಡೆಗೆ ನೀರನ್ನು ಹಂಚುವ ಕೊಡಗಿನಂತಹ ಜಿಲ್ಲೆಯಲ್ಲಿ ಹಾರಂಗಿಗೆ ಒಪ್ಪುವ ಮರಿ ಪಯಸ್ವಿನಿಗೆ ಒಪ್ಪದು.

ಮೂರನೆಯದಾಗಿ, ಜೀವಿಗಳ ಚರಿತ್ರೆಗೆ ಆಕರಗಳು ಪ್ರಯೋಗಾಲಯದಲ್ಲಿ ಮಾತ್ರ ಇರುವುದಿಲ್ಲ. ಕಲೆಕ್ಟರನ ವರದಿ, ಗಾಳಗಾರರ ದಿನಚರಿ, ಗೋಡೆಗೆ ತೂಗುಹಾಕಿದ ಮೀನಿನ ತಲೆ, ತೋಟದ ಮನೆಯ ಹಳೆಯ ಛಾಯಾಚಿತ್ರ ಇವೆಲ್ಲವೂ ಸಾಕ್ಷ್ಯಗಳೇ. ಚಿತ್ರದಲ್ಲಿ ಗೂನು ಕಾಣುವುದೇ, ಸ್ಥಳ ಮತ್ತು ವರ್ಷ ನಮೂದಾಗಿವೆಯೇ ಎಂಬಷ್ಟರಿಂದಲೇ ನದಿಯ ಯಾವ ಭಾಗದಲ್ಲಿ ಯಾವ ಮೀನು ಎಂದಿನವರೆಗೆ ಇತ್ತೆಂದು ಹೇಳಲು ಸಾಧ್ಯ. ಒಣಗಿದ ಹುರುಪೆ, ಮೂಳೆಗಳಲ್ಲಿಯೂ ಡಿ.ಎನ್.ಎ. ಉಳಿದಿರುವ ಸಾಧ್ಯತೆ ಇದೆ. ಬಲಮುರಿಯಿಂದ ಬೇತ್ರಿಯವರೆಗೆ, ಬೇತ್ರಿಯಿಂದ ದುಬಾರೆಯವರೆಗೆ ಕಾವೇರಿಯ ದಡದ ಊರುಗಳಲ್ಲಿ ಇಂತಹ ಆಕರಗಳನ್ನು ಕಲೆಹಾಕುವ ಕಾರ್ಯವನ್ನು ಗ್ರಂಥಾಲಯಗಳೂ ಸಂಶೋಧನಾ ಸಂಸ್ಥೆಗಳೂ ಕೈಗೊಂಡರೆ, ಬಿಳಿಮೀನಿನ ಬಗ್ಗೆ ಹೊಳೆಯವರಿಗೆ ತಿಳಿದಿದ್ದುದೂ ವಿಜ್ಞಾನದ ದಾಖಲೆಗೆ ಸೇರುತ್ತದೆ. ಆ ತಿಳುವಳಿಕೆಯುಳ್ಳ ಹಿರಿಯರೂ ಆ ಮೀನೂ ಇರುವಾಗಲೇ ಆಗಬೇಕಾದ ಕಾರ್ಯವಿದು.